ಚಳಿಗಾಲದ ಕ್ಯಾಂಪಿಂಗ್‌ಗೆ ಚಿಕ್ಕ ಫಿಫ್ತ್ ವೀಲ್: ಕೊಳ್ಳುವ ಮುಂಚೆ ಎಲ್ಲೆಲ್ಲಿ ನೋಡಬೇಕು

ಅಕ್ಟೋಬರ್ ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. ಟೊರಾಂಟೊ ಕಡೆಯವರು ಕೇಳುತ್ತಾರೆ, ಕ್ಯಾಲ್ಗರಿಯವರು ಕೇಳುತ್ತಾರೆ, ಡೆನ್ವರ್, ಸಿಯಾಟಲ್ ಕಡೆ ಇರುವ ನಮ್ಮವರೂ ಕೇಳುತ್ತಾರೆ. "ಪಿಕಪ್ ಟ್ರಕ್ ಇದೆ. ಚಿಕ್ಕದೊಂದು ಫಿಫ್ತ್ ವೀಲ್ ತಗೊಂಡು ಹಿಮದಲ್ಲೂ ಕ್ಯಾಂಪಿಂಗ್ ಮಾಡಬೇಕು. ಯಾವುದು ತಗೊಳ್ಳಲಿ?"

ಫಿಫ್ತ್ ವೀಲ್ ಅಂದರೆ ಪಿಕಪ್ ಟ್ರಕ್ ಎಳೆದೊಯ್ಯುವ, ಒಳಗೇ ಅಡುಗೆ ಮಾಡಿ ಮಲಗಬಹುದಾದ ಒಂದು ಬಗೆಯ ಟ್ರೇಲರ್. ಒಂದು ಮಾಡೆಲ್ ಹೆಸರು ಹೇಳಿ ಮುಗಿಸಿಬಿಡಬಹುದು. ಅದರಿಂದ ನಿಮಗೆ ಉಪಯೋಗ ಕಡಿಮೆ. ನಿಮ್ಮ ಟ್ರಕ್ ಬೇರೆ, ನೀವು ಹೋಗುವ ಜಾಗದ ಚಳಿ ಬೇರೆ, ಮನೆಯಲ್ಲಿರುವ ಜನ ಬೇರೆ. ಅದಕ್ಕೇ ಇಲ್ಲಿ ನೋಡುವ ಕ್ರಮ ಹೇಳುತ್ತೇನೆ. ಮೊದಲು ಚಳಿ ಎಷ್ಟು ಅಂತ ಗೊತ್ತುಮಾಡಿಕೊಳ್ಳಿ, ಆಮೇಲೆ ಟ್ರಕ್, ಆಮೇಲೆ ಟ್ರೇಲರ್‌ನ ಹೊಟ್ಟೆ (ನೆಲದ ಕೆಳಗಿನ ಭಾಗ), ಆಮೇಲೆ ಗೋಡೆ ಮತ್ತು ಹೀಟರ್. ಸೋಫಾ ಬಣ್ಣ, ಟಿವಿ ಎಲ್ಲ ಕೊನೆಗೆ. ಡೀಲರ್ ತೋರಿಸುವುದು ಪೂರ್ತಿ ಉಲ್ಟಾ ಕ್ರಮದಲ್ಲಿ, ಅಲ್ವಾ?

ಹೊಸಬರಿಗೆ ಒಂದು ಮಾತು. ಸಾಮಾನ್ಯ ಟ್ರೇಲರ್ ಟ್ರಕ್ಕಿನ ಹಿಂದಿನ ಬಂಪರ್ ಹತ್ತಿರ ಸಿಕ್ಕಿಕೊಳ್ಳುತ್ತದೆ. ಫಿಫ್ತ್ ವೀಲ್‌ನ ಮುಂಭಾಗ ಟ್ರಕ್ಕಿನ ಬೆಡ್ ಮೇಲೆ, ಅಂದರೆ ಹಿಂದೆ ಸಾಮಾನು ಹಾಕುವ ತೊಟ್ಟಿಯ ಮೇಲೆ, ಚಾಚಿಕೊಂಡಿರುತ್ತದೆ. ಅದರಿಂದ ಕೆಳಗಿಳಿದ ಕಿಂಗ್‌ಪಿನ್ ಅನ್ನುವ ದಪ್ಪ ಉಕ್ಕಿನ ಗೂಟ ಬೆಡ್‌ನಲ್ಲಿ ಕೂರಿಸಿದ ಹಿಚ್‌ನಲ್ಲಿ ಲಾಕ್ ಆಗುತ್ತದೆ. ಭಾರ ಟ್ರಕ್ಕಿನ ಹಿಂದಿನ ಆಕ್ಸಲ್ ಮೇಲೆಯೇ ಬೀಳುವುದರಿಂದ ಗಾಳಿಗೂ ಜಾರುವ ರಸ್ತೆಗೂ ಟ್ರೇಲರ್ ಬಾಲ ಆಡಿಸುವುದು ಕಡಿಮೆ. ಹಿಮದ ರಸ್ತೆಗೆ ಇದನ್ನು ಇಷ್ಟಪಡುವವರು ಇರುವುದು ಇದೇ ಕಾರಣಕ್ಕೆ. ಚಿಕ್ಕದು ಅಂದರೆ ಇಲ್ಲಿ 19ರಿಂದ 25 ಅಡಿಯೊಳಗಿನದು ಅಂತ ಇಟ್ಟುಕೊಳ್ಳಿ.

ನೋಡಲು ಹೋಗುವಾಗ ಜೊತೆಗೆ ಬೇಕಾದದ್ದು: ಒಳ್ಳೆ ಟಾರ್ಚ್, ಅಳತೆ ಟೇಪ್, ನೆಲದ ಮೇಲೆ ಮಲಗಲು ಒಂದು ಹಳೇ ಚಾಪೆ, ನಿಮ್ಮ ಟ್ರಕ್ಕಿನ ಬಾಗಿಲ ಸ್ಟಿಕ್ಕರ್‌ನ ಫೋಟೊ. ಚಾಪೆ ತಮಾಷೆಗೆ ಹೇಳಿದ್ದಲ್ಲ. ಟ್ರೇಲರ್ ಕೆಳಗೆ ತೂರದೆ ಚಳಿಗಾಲದ ಟ್ರೇಲರ್ ಆರಿಸಲು ಆಗುವುದಿಲ್ಲ.

ಹಂತ 1: ನಿಮ್ಮ ಚಳಿ ಯಾವುದು?

ರಾತ್ರಿ ಸೊನ್ನೆಗಿಂತ ಎರಡು ಮೂರು ಡಿಗ್ರಿ ಇಳಿದು ಹಗಲು ಮತ್ತೆ ಮೇಲೆ ಬರುವ ಜಾಗಕ್ಕೂ, ಹಗಲಲ್ಲೂ ಮೈನಸ್ 15 ಇರುವ ಜಾಗಕ್ಕೂ ಬೇಕಾಗುವ ಟ್ರೇಲರ್ ಒಂದೇ ಅಲ್ಲ. ಯೂಟಾದ ಝಯಾನ್ ನ್ಯಾಷನಲ್ ಪಾರ್ಕ್ ಮೊದಲನೆಯ ತರಹದ್ದು. ಒಂಟಾರಿಯೊದ ಅಲ್ಗಾಂಕ್ವಿನ್ ಪಾರ್ಕ್‌ನಲ್ಲಿ ಚಳಿಗಾಲದಲ್ಲೂ ತೆರೆದಿರುವ ಮ್ಯೂ ಲೇಕ್ ಕ್ಯಾಂಪ್‌ಗ್ರೌಂಡ್ ಎರಡನೆಯ ತರಹದ್ದು. ಮೊದಲನೆಯದಕ್ಕೆ ಸಾಧಾರಣ ಟ್ರೇಲರ್‌ನಲ್ಲೂ ಹೇಗೋ ನಿಭಾಯಿಸಬಹುದು. ಎರಡನೆಯದಕ್ಕೆ ಆಗುವುದಿಲ್ಲ.

ಇನ್ನೊಂದು ಪ್ರಶ್ನೆ: ಕರೆಂಟ್ ಸಿಗುತ್ತದಾ? ಹುಕ್‌ಅಪ್ ಅಂದರೆ ಕ್ಯಾಂಪ್‌ಗ್ರೌಂಡ್‌ನಲ್ಲಿ ಕರೆಂಟ್, ನೀರು, ಚರಂಡಿ ಜೋಡಣೆ. ಚಳಿಗಾಲದಲ್ಲಿ ತೆರೆದಿರುವ ಬಹಳಷ್ಟು ಕಡೆ ಕರೆಂಟ್ ಇದ್ದರೂ ಸೈಟ್‌ನ ನೀರಿನ ನಲ್ಲಿ ಬಂದ್ ಆಗಿರುತ್ತದೆ. ಬುಕ್ ಮಾಡುವಾಗ ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಕರೆಂಟ್ ಇಲ್ಲದ ಜಾಗಕ್ಕೇ ಹೋಗುವವರಾದರೆ ಹಂತ 6ನ್ನು ಎರಡು ಸಲ ಓದಿ.

ಹಂತ 2: ಟ್ರಕ್ ಬಾಗಿಲಿನ ಹಳದಿ ಸ್ಟಿಕ್ಕರ್

ಎಲ್ಲರೂ ಎಡವುವುದು ಇಲ್ಲಿ. "ನನ್ನ ಟ್ರಕ್ 10,000 ಪೌಂಡ್ ಎಳೆಯುತ್ತದೆ" ಅನ್ನುತ್ತಾರೆ. ಎಳೆಯಬಹುದು. ಆದರೆ ಫಿಫ್ತ್ ವೀಲ್‌ನಲ್ಲಿ ಮೊದಲು ಮುಗಿಯುವುದು ಎಳೆಯುವ ಶಕ್ತಿಯಲ್ಲ, ಹೊರುವ ಶಕ್ತಿ. ಅದಕ್ಕೆ ಪೇಲೋಡ್ ಅನ್ನುತ್ತಾರೆ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಹಳದಿ ಪಟ್ಟಿಯ ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಡ್ರೈವರ್ ತೂಕವೂ ಅದರಲ್ಲೇ ಸೇರಿದೆ. ಬ್ರೋಷರ್‌ನ ಅಂಕಿ ಬಿಡಿ, ನಿಮ್ಮದೇ ಟ್ರಕ್ಕಿನ ಈ ಅಂಕಿ ಬೇಕು. ಒಂದೇ ಮಾಡೆಲ್‌ನಲ್ಲೂ ಸನ್‌ರೂಫ್, ದೊಡ್ಡ ಕ್ಯಾಬ್, ಫೋರ್ ವೀಲ್ ಡ್ರೈವ್ ಸೇರಿದಂತೆಲ್ಲ ಪೇಲೋಡ್ ಇಳಿಯುತ್ತಾ ಹೋಗುತ್ತದೆ.

ಸಾಮಾನ್ಯ ಟ್ರೇಲರ್ ತನ್ನ ತೂಕದ ಶೇಕಡ 10ರಿಂದ 15 ಭಾಗವನ್ನು ಟ್ರಕ್ ಮೇಲೆ ಹಾಕುತ್ತದೆ. ಫಿಫ್ತ್ ವೀಲ್ ಹಾಕುವುದು 15ರಿಂದ 25. ಅದಕ್ಕೆ ಪಿನ್ ವೇಟ್ ಅನ್ನುತ್ತಾರೆ. ಲೆಕ್ಕ ಹೀಗೆ ಹಾಕಿ. ತುಂಬಿದ ಟ್ರೇಲರ್ 5,500 ಪೌಂಡ್ ಅಂದುಕೊಳ್ಳಿ. ಶೇಕಡ 20ರಂತೆ ಪಿನ್ ವೇಟ್ 1,100. ಹಿಚ್ ಸುಮಾರು 120. ಮನೆಯ ನಾಲ್ಕು ಜನ ಚಳಿಗಾಲದ ಬಟ್ಟೆ, ಬೂಟುಗಳ ಸಮೇತ 500. ಒಟ್ಟು 1,720 ಪೌಂಡ್. ನಿಮ್ಮ ಸ್ಟಿಕ್ಕರ್‌ನಲ್ಲಿ 1,600 ಅಂತಿದ್ದರೆ ಮುಗಿಯಿತು, ಆ ಟ್ರೇಲರ್ ನಿಮ್ಮದಲ್ಲ. ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಚೈನು, ಸಲಿಕೆ, ಜನರೇಟರ್ ಯಾವುದೂ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಎಚ್ಚರ: ಬ್ರೋಷರ್‌ನಲ್ಲಿ ದೊಡ್ಡದಾಗಿ ಹಾಕುವ "ಡ್ರೈ ವೇಟ್" ಅಂದರೆ ನೀರು, ಸಾಮಾನು, ಎಷ್ಟೋ ಸಲ ಬ್ಯಾಟರಿಯೂ ಇಲ್ಲದ ಖಾಲಿ ತೂಕ. ಅದನ್ನು ಹಿಡಿದು ಲೆಕ್ಕ ಹಾಕಬೇಡಿ. ಜಿವಿಡಬ್ಲ್ಯುಆರ್, ಅಂದರೆ ತುಂಬಿದಾಗ ಮೀರಬಾರದ ತೂಕ, ಅದನ್ನು ಹಿಡಿಯಿರಿ. ಚಳಿಗಾಲದಲ್ಲಿ ಗ್ಯಾಸ್, ಬ್ಯಾಟರಿ, ಕಂಬಳಿ ಎಲ್ಲ ಜಾಸ್ತಿಯೇ ಇರುತ್ತದೆ.

ಹಂತ 3: ಬೆಡ್ ಉದ್ದ ಮತ್ತು ಹಿಚ್

ಈಗಿನ ಟ್ರಕ್ಕುಗಳಲ್ಲಿ ಐದೂವರೆ ಅಡಿ ಬೆಡ್ ಸಾಮಾನ್ಯ. ಗಿಡ್ಡ ಬೆಡ್‌ನಲ್ಲಿ ಜೋರಾಗಿ ತಿರುಗಿಸಿದರೆ ಟ್ರೇಲರ್‌ನ ಮೂಗು ಕ್ಯಾಬ್‌ನ ಹಿಂದಿನ ಗಾಜಿಗೆ ಬಡಿಯಬಹುದು. ತಿರುಗುವಾಗ ಹಿಂದಕ್ಕೆ ಸರಿಯುವ ಸ್ಲೈಡಿಂಗ್ ಹಿಚ್ ಇದಕ್ಕೆ ಪರಿಹಾರ. ಆದರೆ ಅದೇ ಭಾರ, ಮತ್ತೆ ಪೇಲೋಡ್ ತಿನ್ನುತ್ತದೆ. ಹಿಮ ತುಂಬಿದ ಇಕ್ಕಟ್ಟು ಸೈಟ್‌ಗೆ ರಿವರ್ಸ್ ಹಾಕುವಾಗಲೇ ಜಾಸ್ತಿ ತಿರುಗಿಸಬೇಕಾಗುವುದು, ಹಾಗಾಗಿ "ನಾನು ನಿಧಾನವಾಗಿ ಓಡಿಸುತ್ತೇನೆ" ಅನ್ನುವುದು ಉತ್ತರವಲ್ಲ. ಬೆಡ್‌ನ ಗೋಡೆಗೂ ಟ್ರೇಲರ್ ಮುಂಭಾಗದ ತಳಕ್ಕೂ ನಡುವೆ ಎಷ್ಟು ಸಂದು ಉಳಿಯುತ್ತದೆ ಅಂತಲೂ ಅಳೆದು ನೋಡಿ. ಆರು ಇಂಚಾದರೂ ಬೇಕು.

ಹಂತ 4: ಕೆಳಗೆ ತೂರಿ ಹೊಟ್ಟೆ ನೋಡಿ

ಇದೇ ಮುಖ್ಯ ಹಂತ. ಚಳಿಗಾಲದಲ್ಲಿ ಟ್ರೇಲರ್ ಕೆಡುವುದು ಗೋಡೆ ತೆಳುವಾಗಿರುವುದರಿಂದ ಅಲ್ಲ, ನೀರು ಹೆಪ್ಪುಗಟ್ಟುವುದರಿಂದ. ನೀರು ಮಂಜುಗಡ್ಡೆಯಾದಾಗ ಶೇಕಡ 9ರಷ್ಟು ಹಿಗ್ಗುತ್ತದೆ. ಪೆಕ್ಸ್ ಅನ್ನುವ ಬಾಗುವ ಪ್ಲಾಸ್ಟಿಕ್ ಪೈಪು ಸ್ವಲ್ಪ ತಡೆದುಕೊಳ್ಳಬಹುದು. ಅದರ ಜೋಡಣೆಗಳು, ಪಂಪು, ವಾಲ್ವು, ವಾಟರ್ ಹೀಟರ್ ತಡೆಯುವುದಿಲ್ಲ.

ಟ್ರೇಲರ್‌ನಲ್ಲಿ ಮೂರು ಟ್ಯಾಂಕ್ ಇರುತ್ತವೆ: ಶುದ್ಧ ನೀರಿನದು, ಸಿಂಕು ಮತ್ತು ಸ್ನಾನದ ನೀರು ಸೇರುವ ಗ್ರೇ ಟ್ಯಾಂಕ್, ಟಾಯ್ಲೆಟ್‌ನ ಬ್ಲ್ಯಾಕ್ ಟ್ಯಾಂಕ್. ಇವು ನೆಲದ ಕೆಳಗೆ ಬಯಲಿಗೆ ನೇತಾಡುತ್ತಿವೆಯೋ, ಮುಚ್ಚಿದ ತಳದ ಒಳಗಿವೆಯೋ ನೋಡಿ. ಮುಚ್ಚಿದ್ದರೆ ಸಾಲದು. ಫರ್ನೇಸ್‌ನ, ಅಂದರೆ ಟ್ರೇಲರ್‌ನ ಗ್ಯಾಸ್ ಹೀಟರ್‌ನ, ಬಿಸಿಗಾಳಿಯ ಒಂದು ಕೊಳವೆ ಆ ಜಾಗಕ್ಕೆ ಹೋಗುತ್ತದಾ ಅಂತ ಕೇಳಿ, ಕೇಳಿ ಬಿಡಬೇಡಿ, ಫರ್ನೇಸ್ ಆನ್ ಮಾಡಿಸಿ ಕೊಳವೆ ತೋರಿಸಿ ಅನ್ನಿ. "ಹೀಟೆಡ್ ಅಂಡರ್‌ಬೆಲ್ಲಿ" ಅಂತ ಬರೆದಿರುವುದು ಕೆಲವು ಕಡೆ ಬರೀ ಒಂದು ಪ್ಲಾಸ್ಟಿಕ್ ಹಾಳೆ ಮತ್ತು ಪಕ್ಕದಲ್ಲೆಲ್ಲೋ ಹಾದುಹೋಗುವ ಕೊಳವೆ.

ಆಮೇಲೆ ಡಂಪ್ ವಾಲ್ವ್, ಅಂದರೆ ಟ್ಯಾಂಕ್ ಖಾಲಿ ಮಾಡುವ ಎಳೆಯುವ ಹಿಡಿ. ಟ್ಯಾಂಕ್ ಒಳಗೆ ಬೆಚ್ಚಗಿದ್ದು ವಾಲ್ವ್ ಹೊರಗೆ ಚಳಿಯಲ್ಲಿದ್ದರೆ ವಾಲ್ವ್‌ನ ಹಿಂದೆ ನಿಂತ ನೀರು ಗಟ್ಟಿಯಾಗಿ ಹಿಡಿ ಅಲ್ಲಾಡುವುದಿಲ್ಲ. ಜೋರಾಗಿ ಎಳೆದರೆ ಮುರಿಯುತ್ತದೆ. ವಾಲ್ವ್‌ಗಳೂ ಒಳಗೇ ಇರುವ ಟ್ರೇಲರ್‌ಗೆ ಜಾಸ್ತಿ ಅಂಕ ಕೊಡಿ.

ಫಿಫ್ತ್ ವೀಲ್‌ಗೆ ಮಾತ್ರ ಸೇರಿದ ಒಂದು ಜಾಗ ಇದೆ, ಜನ ಮರೆಯುತ್ತಾರೆ: ಟ್ರಕ್ ಮೇಲೆ ಚಾಚುವ ಮೂಗು. ಮಲಗುವ ಮಂಚ ಇರುವುದು ಅಲ್ಲೇ. ಬಿಸಿಗಾಳಿ ಮೇಲೇರುವುದರಿಂದ ಆ ಕೋಣೆ ಬೆಚ್ಚಗಿರುತ್ತದೆ, ನಿಜ. ಆದರೆ ಅದರ ತಳಕ್ಕೆ ನೇರವಾಗಿ ಹೊರಗಿನ ಗಾಳಿ ತಗಲುತ್ತದೆ. ಕ್ಯಾಂಪ್‌ನಲ್ಲಿ ಟ್ರಕ್ ಬಿಚ್ಚಿದ ಮೇಲಂತೂ ಪೂರ್ತಿ ಬಯಲು. ಹಾಸಿಗೆ ಎತ್ತಿ ಕೆಳಗಿನ ಹಲಗೆ ನೋಡಿ, ಕಪ್ಪು ಕಲೆ ಇದ್ದರೆ ತೇವ ನಿಂತು ಬೂಷ್ಟು ಹಿಡಿದಿದೆ ಅಂತ ಅರ್ಥ. ಮೂಗಿನ ತಳದಲ್ಲಿ ಎಷ್ಟು ದಪ್ಪ ಇನ್ಸುಲೇಷನ್ ಇದೆ ಅಂತ ಬರವಣಿಗೆಯಲ್ಲಿ ಕೇಳಿ.

ನನ್ನ ಅಭಿಪ್ರಾಯ ಕೇಳಿದರೆ, ಮೈನಸ್ 15ರ ಕೆಳಗೆ ಹೋಗುವವರು ಪೈಪಿನಲ್ಲಿ ನೀರು ಓಡಿಸುವ ಆಸೆಯನ್ನೇ ಬಿಡುವುದು ಒಳ್ಳೆಯದು. ಪೈಪುಗಳಿಂದ ನೀರು ಪೂರ್ತಿ ತೆಗೆದು ಗುಲಾಬಿ ಬಣ್ಣದ ಆರ್‌ವಿ ಆ್ಯಂಟಿಫ್ರೀಜ್, ಅಂದರೆ ಟ್ರೇಲರ್ ಪೈಪಿಗೆಂದೇ ಸಿಗುವ ಹೆಪ್ಪುಗಟ್ಟದ ದ್ರವ, ತುಂಬಿ. ಕುಡಿಯಲು, ಅಡುಗೆಗೆ ಕ್ಯಾನ್‌ನಲ್ಲಿ ನೀರು ಒಯ್ಯಿರಿ. ಟಾಯ್ಲೆಟ್‌ಗೂ ನೀರಿನ ಬದಲು ಅದೇ ಗುಲಾಬಿ ದ್ರವ. ಕಾರಿನ ರೇಡಿಯೇಟರ್‌ಗೆ ಹಾಕುವ ಕೂಲೆಂಟ್ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ, ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ.

ಹಂತ 5: ಗೋಡೆ, ಕಿಟಕಿ, ಸ್ಲೈಡ್

"ಫೋರ್ ಸೀಸನ್", "ಆರ್ಕ್‌ಟಿಕ್ ಪ್ಯಾಕೇಜ್" ಅನ್ನುವ ಸ್ಟಿಕ್ಕರ್‌ಗಳಿಗೆ ಎಲ್ಲರೂ ಒಪ್ಪಬೇಕಾದ ಒಂದು ಮಾನದಂಡ ಇಲ್ಲ. ಅಮೆರಿಕದ ಟ್ರೇಲರ್‌ಗಳ ಬಾಗಿಲ ಹತ್ತಿರ ಆರ್‌ವಿಐಎ (ಟ್ರೇಲರ್ ತಯಾರಕರ ಸಂಘ) ಸೀಲ್ ಇರುತ್ತದಲ್ಲ, ಅದು ವೈರಿಂಗ್, ಗ್ಯಾಸ್, ಬೆಂಕಿಯ ಸುರಕ್ಷತೆ ಬಗ್ಗೆ. ಎಷ್ಟು ಚಳಿ ತಡೆಯುತ್ತದೆ ಅಂತ ಅದು ಹೇಳುವುದಿಲ್ಲ.

ಆರ್ ವ್ಯಾಲ್ಯೂ ಅಂದರೆ ಬಿಸಿ ಹೊರಹೋಗದಂತೆ ಎಷ್ಟು ತಡೆಯುತ್ತದೆ ಅನ್ನುವ ಅಂಕಿ. ಜಾಸ್ತಿ ಇದ್ದಷ್ಟೂ ಒಳ್ಳೆಯದು. ಗಾಜಿನ ಉಣ್ಣೆಗೆ ಇಂಚಿಗೆ ಮೂರು ಚಿಲ್ಲರೆ, ಬಿಳಿ ಥರ್ಮೊಕೋಲ್‌ಗೆ ಸುಮಾರು 4, ಸ್ಪ್ರೇ ಮಾಡುವ ಗಟ್ಟಿ ಫೋಮ್‌ಗೆ 6ರ ಆಸುಪಾಸು. ಚಿಕ್ಕ ಟ್ರೇಲರ್‌ನ ಗೋಡೆ ಒಂದೂವರೆಯಿಂದ ಎರಡು ಇಂಚು. ಈಗ ನೀವೇ ಗುಣಿಸಿ. ಯಾರಾದರೂ ಇಷ್ಟು ತೆಳು ಗೋಡೆಗೆ ಅಥವಾ ಮೂರು ಇಂಚು ಛಾವಣಿಗೆ ಆರ್ 38 ಅಂದರೆ, ಬೆಳ್ಳಿ ಹಾಳೆಯೊಂದನ್ನು ಸೇರಿಸಿ ಅಂಕಿ ಉಬ್ಬಿಸಿದ್ದಾರೆ ಅಂತ ತಿಳಿಯಿರಿ.

ಕಿಟಕಿ ಎರಡು ಪದರದ್ದು ಇರಲಿ. ಒಂದೇ ಪದರದ ಗಾಜಿನ ಒಳಮೈ ಬೆಳಗ್ಗೆ ಮಂಜುಗಟ್ಟಿರುತ್ತದೆ, ಅದು ಕರಗಿ ಗೋಡೆಯೊಳಗೆ ಇಳಿಯುತ್ತದೆ. ಛಾವಣಿಯ ಗಾಳಿಕಿಂಡಿಗೆ ಒತ್ತಿ ಕೂರಿಸುವ ದಿಂಬಿನಂಥ ಮುಚ್ಚಳ ಸಿಗುತ್ತದೆ, ಅಗ್ಗ, ಕೂಡಲೇ ಕೊಳ್ಳಿ.

ಸ್ಲೈಡ್, ಅಂದರೆ ಗುಂಡಿ ಒತ್ತಿದರೆ ಹೊರಗೆ ಚಾಚುವ ಗೋಡೆಯ ಭಾಗ, ಚಿಕ್ಕ ಟ್ರೇಲರ್‌ನಲ್ಲಿ ಜಾಗ ಕೊಡುತ್ತದೆ ನಿಜ. ಚಳಿಗಾಲಕ್ಕೆ ನಾನು ಬೇಡ ಅನ್ನುತ್ತೇನೆ. ಸುತ್ತಲಿನ ರಬ್ಬರ್‌ನಿಂದ ಗಾಳಿ ನುಗ್ಗುತ್ತದೆ, ನೆಲ ತಣ್ಣಗೆ, ಮೇಲೆ ಹಿಮ ಕೂತು ಮಂಜುಗಡ್ಡೆಯಾದರೆ ಒಳಗೆ ಎಳೆಯಲು ಬರುವುದಿಲ್ಲ, ಎಳೆಯದೆ ಹೊರಡಲೂ ಬರುವುದಿಲ್ಲ.

ಹಂತ 6: ಬಿಸಿ, ಗ್ಯಾಸು, ಬ್ಯಾಟರಿ

ಊರಿನ ಅಡುಗೆ ಗ್ಯಾಸಿನಲ್ಲಿ ಬ್ಯೂಟೇನ್ ಕೂಡ ಬೆರೆತಿರುತ್ತದೆ. ಅದು ಸೊನ್ನೆ ಡಿಗ್ರಿಯ ಹತ್ತಿರವೇ ಗ್ಯಾಸ್ ಆಗುವುದನ್ನು ನಿಲ್ಲಿಸುತ್ತದೆ. ಇಲ್ಲಿ ಟ್ರೇಲರ್‌ಗೆ ತುಂಬುವುದು ಪ್ರೊಪೇನ್, ಅದು ಮೈನಸ್ 42ರವರೆಗೂ ಗ್ಯಾಸ್ ಆಗುತ್ತದೆ. ಆದರೂ ತೀರಾ ಚಳಿಯಲ್ಲಿ, ಸಿಲಿಂಡರ್ ಅರ್ಧಕ್ಕಿಂತ ಖಾಲಿಯಾದಾಗ, ಗ್ಯಾಸ್ ಬರುವ ವೇಗ ಇಳಿಯುತ್ತದೆ. ಮಧ್ಯರಾತ್ರಿ ಮುಗಿದರೆ ತಾನೇ ಇನ್ನೊಂದಕ್ಕೆ ಬದಲಾಗುವ ರೆಗ್ಯುಲೇಟರ್ ಇರುವ ಎರಡು ಸಿಲಿಂಡರ್‌ನ ಟ್ರೇಲರ್ ಆರಿಸಿ.

ಎಷ್ಟು ಗ್ಯಾಸ್ ಬೇಕು? ಫರ್ನೇಸ್‌ನ ಶಕ್ತಿಯನ್ನು ಬಿಟಿಯುನಲ್ಲಿ ಹೇಳುತ್ತಾರೆ, ಅದು ಬಿಸಿಯ ಅಳತೆ. ಗಂಟೆಗೆ 20,000 ಬಿಟಿಯು ಫರ್ನೇಸ್ ದಿನದ ಅರ್ಧ ಹೊತ್ತು ಉರಿದರೆ 2 ಲಕ್ಷ 40 ಸಾವಿರ. 20 ಪೌಂಡ್ ಸಿಲಿಂಡರ್‌ನಲ್ಲಿ ಇರುವುದು ಸುಮಾರು 4 ಲಕ್ಷ 30 ಸಾವಿರ. ಅಂದರೆ ಎರಡು ದಿನಕ್ಕೂ ಸಾಲದು. 30 ಪೌಂಡಿನದಾದರೆ ಎರಡೂವರೆ ದಿನ. ವಾರಾಂತ್ಯಕ್ಕೆ ಹೋಗುವವರಿಗೂ ಎರಡು ಸಿಲಿಂಡರ್ ಬೇಕು ಅನ್ನುವುದು ಇದಕ್ಕೇ.

ಗ್ಯಾಸ್ ಇದ್ದರೂ ಬ್ಯಾಟರಿ ಸತ್ತರೆ ಫರ್ನೇಸ್ ಓಡುವುದಿಲ್ಲ, ಯಾಕೆಂದರೆ ಅದರ ಫ್ಯಾನ್‌ಗೆ ಕರೆಂಟ್ ಬೇಕು. ಫ್ಯಾನ್ 5 ಆಂಪ್ ಎಳೆದರೆ 12 ಗಂಟೆಗೆ 60 ಆಂಪ್ ಅವರ್. ಡೀಲರ್ ಕೊಡುವ 100 ಆಂಪ್ ಅವರ್‌ನ ಸೀಸದ ಬ್ಯಾಟರಿಯಲ್ಲಿ ಬಾಳಿಕೆ ನೋಡಿಕೊಂಡು ಬಳಸಬಹುದಾದ್ದು ಅರ್ಧ, ಚಳಿಯಲ್ಲಿ ಇನ್ನೂ ಕಡಿಮೆ. ಲಿಥಿಯಂ ಒಳ್ಳೆಯದು, ಆದರೆ ಒಂದು ಷರತ್ತು ಇದೆ: ಸೊನ್ನೆಗಿಂತ ತಣ್ಣಗಿರುವಾಗ ಅದನ್ನು ಚಾರ್ಜ್ ಮಾಡಬಾರದು. ಒಳಗೆ ಬೆಚ್ಚಗಿನ ಜಾಗದಲ್ಲಿ ಇಡಬೇಕು, ಇಲ್ಲವೇ ತನ್ನದೇ ಹೀಟರ್ ಇರುವ ಬ್ಯಾಟರಿ ಕೊಳ್ಳಬೇಕು. ಸೋಲಾರ್ ಮೇಲೆ ಜಾಸ್ತಿ ಭರವಸೆ ಬೇಡ. ಡಿಸೆಂಬರ್‌ನಲ್ಲಿ ಸೂರ್ಯ ಕೆಳಗೆ, ಹಗಲು ಚಿಕ್ಕದು, ಪ್ಯಾನಲ್ ಮೇಲೆ ಹಿಮ.

ಕರೆಂಟ್ ಇರುವ ಸೈಟ್‌ನಲ್ಲಿ ಜನ ಮಾಡುವ ಒಂದು ಜಾಣತನ ದುಬಾರಿಯಾಗುತ್ತದೆ. ಗ್ಯಾಸ್ ಉಳಿಸಲು 1,500 ವ್ಯಾಟ್‌ನ ಎಲೆಕ್ಟ್ರಿಕ್ ಹೀಟರ್ ಇಟ್ಟು ಮಲಗುತ್ತಾರೆ. ಒಳಗೆ ಬೆಚ್ಚಗಿರುತ್ತದೆ, ಥರ್ಮೋಸ್ಟ್ಯಾಟ್‌ಗೆ ತೃಪ್ತಿ, ಫರ್ನೇಸ್ ಹೊತ್ತಿಕೊಳ್ಳುವುದೇ ಇಲ್ಲ. ಹೊಟ್ಟೆಗೆ ಬಿಸಿಗಾಳಿ ಹೋಗುವುದಿಲ್ಲ. ನೀವು ಕಂಬಳಿ ಒದ್ದು ಮಲಗಿರುವಾಗ ಕೆಳಗೆ ಪೈಪು ಹೆಪ್ಪುಗಟ್ಟುತ್ತಿರುತ್ತದೆ. ವೈರ್‌ಲೆಸ್ ಥರ್ಮಾಮೀಟರ್‌ನ ಸೆನ್ಸರ್ ಒಂದನ್ನು ಟ್ಯಾಂಕ್ ಪಕ್ಕ ಇಡಿ, ಫರ್ನೇಸ್ ಆಗಾಗ ಓಡುವಂತೆ ನೋಡಿಕೊಳ್ಳಿ.

ಫ್ರಿಜ್: ಗ್ಯಾಸಿನಲ್ಲಿ ಓಡುವ ಹಳೇ ಮಾದರಿ ಸೊನ್ನೆಯ ಕೆಳಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಇರುವುದನ್ನು ನೋಡಿ.

ಹಂತ 7: ತೇವ

ಒಂದು ಕೆಜಿ ಪ್ರೊಪೇನ್ ಉರಿದರೆ ಸುಮಾರು 1.6 ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಫರ್ನೇಸ್ ಅದನ್ನು ಹೊರಗೆ ಕಳಿಸುತ್ತದೆ. ಒಲೆ ಮತ್ತು ಚಿಮಣಿ ಇಲ್ಲದ ಪೋರ್ಟಬಲ್ ಹೀಟರ್‌ಗಳು ಒಳಗೇ ಬಿಡುತ್ತವೆ. ಇದರ ಮೇಲೆ ನಮ್ಮ ಅಡುಗೆ. ಅನ್ನ, ಬೇಳೆ, ಕುಕ್ಕರ್‌ನ ಸೀಟಿ, ಕುದಿಯುವ ಸಾರು, ನಾಲ್ಕು ಜನರ ಉಸಿರು, ಒದ್ದೆ ಜಾಕೆಟ್. ಚಿಕ್ಕ ಟ್ರೇಲರ್‌ನಲ್ಲಿ ಇದೆಲ್ಲ ಗೋಡೆಗೆ ಅಂಟಿ ನೀರಾಗುತ್ತದೆ. ಹಾಗಾಗಿ ಒಲೆಯ ಮೇಲೆ ಹೊರಗೆ ಗಾಳಿ ಬಿಡುವ ಫ್ಯಾನ್ ಇದೆಯಾ ನೋಡಿ. ಗಾಳಿಯನ್ನು ಸುಮ್ನೆ ಒಳಗೇ ಸುತ್ತಿಸುವ ಫ್ಯಾನ್‌ಗಳೂ ಇವೆ, ಅವು ಬೇಡ. ಬೇಳೆ ಮನೆಯಲ್ಲೇ ಬೇಯಿಸಿ ಒಯ್ದರೆ ಅರ್ಧ ತಲೆನೋವು ಕಡಿಮೆ. ಹಾಸಿಗೆಯ ಕೆಳಗೆ ಗಾಳಿಯಾಡುವ ಜಾಲರಿ ಹಾಸಿ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ತಾರೀಖು ನೋಡಿ, ಅದಕ್ಕೂ ಆಯುಷ್ಯ ಇರುತ್ತದೆ. ಹಿಮ ಬೀಳುತ್ತಿರುವಾಗ ಫರ್ನೇಸ್‌ನ ಹೊಗೆ ಬಾಯಿ ಮುಚ್ಚಿದೆಯಾ ಅಂತ ಮಲಗುವ ಮುಂಚೆ ಹೊರಗೆ ಹೋಗಿ ನೋಡಲೇಬೇಕು. ಕಾರ್ಬನ್ ಮಾನಾಕ್ಸೈಡ್ ಅನ್ನುವ ಈ ವಿಷಗಾಳಿಗೆ ವಾಸನೆ ಇಲ್ಲ.

ಹಂತ 8: ಯಾವ ಯಾವ ಹೆಸರು ನೋಡಬಹುದು

ನಿಜವಾಗಿ ಚಿಕ್ಕವು ಬೆರಳೆಣಿಕೆಯಷ್ಟು. ಮಿನಿಸೋಟಾದ ಬ್ಯಾಕಸ್ ಊರಿನ ಸ್ಕ್ಯಾಂಪ್ ಕಂಪನಿಯ 19 ಅಡಿಯದು ಹಗುರ, ಗಟ್ಟಿ ಫೈಬರ್‌ಗ್ಲಾಸ್ ಮೈ. ಆದರೆ ಇನ್ಸುಲೇಷನ್ ತೆಳು, ಲಘು ಚಳಿಗೆ ಸರಿ. ಬ್ರಿಟಿಷ್ ಕೊಲಂಬಿಯಾದ ಚಿಲಿವ್ಯಾಕ್‌ನ ಎಸ್ಕೇಪ್ 5.0 ಸುಮಾರು 21 ಅಡಿ. ಇದಕ್ಕೆ ಹೆಚ್ಚುವರಿ ಇನ್ಸುಲೇಷನ್, ಎರಡು ಪದರದ ಕಿಟಕಿ ಆಯ್ಕೆಯಾಗಿ ಸಿಗುತ್ತಿದ್ದವು. ಸೆಕೆಂಡ್ ಹ್ಯಾಂಡ್ ನೋಡುವಾಗ ಮೊದಲ ಮಾಲೀಕರು ಅವನ್ನು ಹಾಕಿಸಿದ್ದರಾ ಅಂತ ಕೇಳಿ, ಬೆಲೆ ಆಮೇಲೆ ಮಾತಾಡಿ. ಅದೇ ಪ್ರಾಂತ್ಯದ ಆರ್ಮ್‌ಸ್ಟ್ರಾಂಗ್‌ನ ಬಿಗ್‌ಫುಟ್ ಕಂಪನಿಯ ಹಳೇ ಫಿಫ್ತ್ ವೀಲ್‌ಗಳು ಆಗೀಗ ಮಾರಾಟಕ್ಕೆ ಬರುತ್ತವೆ, ಚಳಿಗೆ ಒಳ್ಳೆ ಹೆಸರಿದೆ. ಆರೆಗನ್‌ನ ಲಾ ಗ್ರ್ಯಾಂಡ್‌ನಲ್ಲಿ ನಾರ್ತ್‌ವುಡ್ ತಯಾರಿಸುವ ಆರ್ಕ್‌ಟಿಕ್ ಫಾಕ್ಸ್ ಚಳಿಗೆಂದೇ ಕಟ್ಟಿದ್ದು, ಆದರೆ ಉದ್ದ ಜಾಸ್ತಿ, ಭಾರವೂ ಜಾಸ್ತಿ. ಎಫ್ 150, ರ‍್ಯಾಮ್ 1500 ತರಹದ ಹಾಫ್ ಟನ್ ಟ್ರಕ್ ಇದ್ದರೆ ಹಂತ 2ರ ಲೆಕ್ಕದಲ್ಲೇ ಬಿದ್ದುಹೋಗುತ್ತದೆ.

ನನಗೆ ಕೇಳಿದರೆ, ಒಳ್ಳೆ ಸ್ಥಿತಿಯ ಹಳೇ ಫೈಬರ್‌ಗ್ಲಾಸ್ ಮೈಯದು ತೆಗೆದುಕೊಂಡು, ತಳಕ್ಕೆ ಇನ್ಸುಲೇಷನ್ ಹಾಕಿಸುವುದು ಹೊಸ ಹೊಳೆಯುವ "ಫೋರ್ ಸೀಸನ್"ಗಿಂತ ಮೇಲು. ಫೈಬರ್‌ಗ್ಲಾಸ್ ಮೈಗೆ ಛಾವಣಿಯಲ್ಲಿ ಜೋಡಣೆಯ ಸಂದುಗಳು ಕಡಿಮೆ, ಕರಗಿದ ಹಿಮ ಸೋರುವ ದಾರಿಯೂ ಕಡಿಮೆ.

ಹಂತ 9: ರಸ್ತೆ

ಬ್ರಿಟಿಷ್ ಕೊಲಂಬಿಯಾದ ಬಹಳಷ್ಟು ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ವಿಂಟರ್ ಟೈರ್ ಕಡ್ಡಾಯ, ಬೆಟ್ಟದ ದಾರಿಗಳಲ್ಲಿ ಏಪ್ರಿಲ್ 30ರವರೆಗೆ. ಕ್ಯಾಲಿಫೋರ್ನಿಯಾದ ಚೈನ್ ಕಂಟ್ರೋಲ್ ಜಾಗಗಳಲ್ಲಿ, ಅಂದರೆ ಹಿಮ ಬಿದ್ದಾಗ ಚೈನ್ ಹಾಕಿಸುವ ಕಡೆ, ಟ್ರೇಲರ್ ಎಳೆಯುವವರಿಗೆ ನಿಯಮ ಬಿಗಿ, ಬ್ರೇಕ್ ಇರುವ ಟ್ರೇಲರ್‌ನ ಚಕ್ರಕ್ಕೂ ಚೈನ್ ಕೇಳುತ್ತಾರೆ. ಆದ್ದರಿಂದ ಟ್ರೇಲರ್ ಚಕ್ರಕ್ಕೂ ಅದರ ಮೇಲಿನ ಗೂಡಿಗೂ ನಡುವೆ ಚೈನ್ ಹಿಡಿಸುವಷ್ಟು ಜಾಗ ಇದೆಯಾ ಅಂತ ಕೊಳ್ಳುವ ಮುಂಚೆಯೇ ಕೈ ಹಾಕಿ ನೋಡಿ. ಕೆಲವು ಚಿಕ್ಕ ಟ್ರೇಲರ್‌ಗಳಲ್ಲಿ ಇರುವುದಿಲ್ಲ.

ಹಂತ 10: ಮೊದಲ ರಾತ್ರಿ ಮನೆ ಮುಂದೆ

ತಂದ ಮೇಲೆ ನೇರ ಕಾಡಿಗೆ ಹೋಗಬೇಡಿ. ಸೊನ್ನೆಯ ಕೆಳಗಿನ ಒಂದು ರಾತ್ರಿ ಡ್ರೈವ್‌ವೇಯಲ್ಲೇ ಮಲಗಿ, ಮನೆಯ ಕರೆಂಟ್‌ಗೆ ಜೋಡಿಸದೆ. ಸೆನ್ಸರ್ ಹೊಟ್ಟೆಯಲ್ಲಿರಲಿ, ಇನ್ನೊಂದು ಹೊರಗಿರಲಿ. ಮಲಗುವ ಮುಂಚೆ ಸಿಲಿಂಡರ್ ಬಿಚ್ಚಿ ಸೂಟ್‌ಕೇಸ್ ತೂಗುವ ತಕ್ಕಡಿಯಲ್ಲಿ ತೂಗಿ, ಬೆಳಗ್ಗೆ ಮತ್ತೆ ತೂಗಿ. ಬ್ಯಾಟರಿ ಎಷ್ಟು ಇಳಿದಿದೆ ಬರೆದುಕೊಳ್ಳಿ. ಕಿಟಕಿ ಅಂಚು, ಹಾಸಿಗೆಯ ತಳ, ಬೀರುವಿನ ಹಿಂದಿನ ಗೋಡೆ ಮುಟ್ಟಿ ನೋಡಿ. ರಾತ್ರಿ ಗ್ಯಾಸ್ 5 ಪೌಂಡ್ ಖರ್ಚಾಗಿದ್ದರೆ, ಹಗಲಿಗೆ ಇನ್ನಷ್ಟು ಸೇರಿಸಿ, ಎಷ್ಟು ಸಿಲಿಂಡರ್ ಒಯ್ಯಬೇಕು ಅನ್ನುವುದು ಬ್ರೋಷರ್ ನೋಡದೆಯೇ ಗೊತ್ತಾಗುತ್ತದೆ. ತೂಗುವಾಗ ಸಿಲಿಂಡರ್‌ನ ಕುತ್ತಿಗೆ ಹತ್ತಿರ ಟಿಡಬ್ಲ್ಯು ಅಂತ ಕೊರೆದಿರುವ ಅಂಕಿ ಖಾಲಿ ಸಿಲಿಂಡರ್‌ನ ತೂಕ, ಅದನ್ನು ಕಳೆದರೆ ಉಳಿದಿರುವುದಷ್ಟೇ ಗ್ಯಾಸ್.